ಮೊಟೊ ಮೊರಿನಿ ಇಟಲಿದಾ, ಚೀನಾದ್ದಾ?

ಕೆಎ17 ಹುಡುಗ:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಕೆಲಸ ಬೆಂಗಳೂರಲ್ಲಿ. ಹೋದ ವಾರ ಗೆಳೆಯನ ಜೊತೆ ಹೋಗಿ ಎಕ್ಸ್-ಕೇಪ್ 650 ಓಡಿಸಿ ನೋಡಿದೆ, ಆಗಿಂದ ಮನಸ್ಸು ಅಲ್ಲೇ ಐತೆ. ಟ್ಯಾಂಕ್ ಮೇಲೆ ಮೊಟೊ ಮೊರಿನಿ ಅಂತ ಹೆಸರು. ಅಪ್ಪಾಜಿಗೆ ಫೋಟೋ ಕಳಿಸಿದ್ರೆ, "ಜಾವಾ ಗೊತ್ತು, ಎಜ್ಡಿ ಗೊತ್ತು, ಇದ್ಯಾವುದಪ್ಪ? ಚೀನಾ ಮಾಲಿರಬೇಕು" ಅಂದ್ರು. ಗೆಳೆಯ "ಡುಕಾಟಿ ಊರಿಂದೇ ಕಣೋ" ಅಂತಾನೆ. ಯಾರ ಮಾತು ನಿಜ? ಹಳೇ ಕಂಪನಿ ಏನು ಮಾಡಿತ್ತು, ತಿಳಿದವರು ಹೇಳಿ.

ಕೋಟೆ ಊರಿನವ:
ಇಬ್ಬರದ್ದೂ ನಿಜ. ಅಲ್ಫೊನ್ಸೊ ಮೊರಿನಿ ಅನ್ನೋರು 1937ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ, ಅಂದ್ರೆ ಡುಕಾಟಿ ಊರಲ್ಲೇ, ಶುರು ಮಾಡಿದ್ದು. ಮೊದಲು ಮಾಡಿದ್ದು ಬೈಕಲ್ಲ, ಸಾಮಾನು ಸಾಗಿಸೋ ಮೂರು ಚಕ್ರದ ಗಾಡಿ. ಯುದ್ಧ ಮುಗಿದ ಮೇಲೆ, 1946ರಲ್ಲಿ 125 ಸಿಸಿ ಬೈಕ್ ಬಂತು. 1969ರಲ್ಲಿ ಅವರು ತೀರಿಕೊಂಡ್ರು, ಮಗಳು ಗೇಬ್ರಿಯೆಲ್ಲಾ ನಡೆಸಿದ್ರು. 1987ರಲ್ಲಿ ಇಟಲಿಯದ್ದೇ ಇನ್ನೊಂದು ಬೈಕ್ ಕಂಪನಿ ಕಜೀವಾಕ್ಕೆ ಮಾರಾಟ. ಆಮೇಲೆ ಹೆಸರು ಕೈಯಿಂದ ಕೈಗೆ ಹೋಗಿ 2018ರಲ್ಲಿ ಚೀನಾದ ಝೊಂಗ್‌ನೆಂಗ್ ಅನ್ನೋ ಕಂಪನಿ ಕೈ ಸೇರಿತು.

ನನಗೆ ಹೊಟ್ಟೆ ಉರಿಯೋದು 1963ರ ವಿಷಯಕ್ಕೆ. 250 ಸಿಸಿ ವರ್ಲ್ಡ್ ಚಾಂಪಿಯನ್‌ಶಿಪ್. ಹೋಂಡಾದ್ದು ನಾಲ್ಕು ಸಿಲಿಂಡರ್, ಮೊರಿನಿದು ಒಂದೇ. ಆ ಒಂದು ಸಿಲಿಂಡರ್ ಗಾಡಿಲಿ ತಾರ್ಕ್ವಿನಿಯೊ ಪ್ರೊವಿನಿ ಹೋಂಡಾದ ಜಿಮ್ ರೆಡ್‌ಮನ್‌ಗೆ ಸೋತಿದ್ದು ಎರಡೇ ಎರಡು ಪಾಯಿಂಟಲ್ಲಿ. ಅದೂ ಕೊನೇ ರೇಸಲ್ಲಿ, ಜಪಾನಿನ ಸುಜುಕಾದಲ್ಲಿ, ಹೋಂಡಾದವರ ಮನೆಯಂಗಳದಲ್ಲೇ!

ಬೋರಿಂಗ್ ಶಾಪ್:
ತಮ್ಮಾ, ಯಾರಿಗೆ ಮಾರಿದ್ರು ಅಂತ ಪಟ್ಟಿ ಹಾಕಿದ್ರೆ ಮೊರಿನಿ ಅರ್ಥ ಆಗಲ್ಲ. ನಾನು ಒಂದನ್ನ ಬಿಚ್ಚಿ ನೋಡೀನಿ.

1984ರ ಬೇಸಿಗೆ. ದಾವಣಗೆರೆ ಪಿ.ಬಿ. ರೋಡಲ್ಲಿ ನಮ್ಮ ಸೋದರಮಾವಂದು ಬೋರಿಂಗ್ ಅಂಗಡಿ, ಸವೆದ ಇಂಜಿನ್ ಸಿಲಿಂಡರ್ ಕೊರೆದು ಸರಿ ಮಾಡೋದು. ನಾನು ಎಸ್ಸೆಲ್ಸಿ ಪರೀಕ್ಷೆ ಬರೆದು ಅಲ್ಲಿ ಸಿಲಿಂಡರ್ ತೊಳೆಯೋ ಹುಡುಗ. ಗೋವಾದಿಂದ ಬೆಂಗಳೂರಿಗೆ ಹೊರಟ ಫಾರಿನ್ ಗಂಡ-ಹೆಂಡತಿ ಗಾಡಿ ತಳ್ಳಿಕೊಂಡು ಬಂದ್ರು. ಮೊರಿನಿ ಮೂರೂವರೆ. 350 ಸಿಸಿ ಅನ್ನೋದನ್ನೇ ಪಕ್ಕದ ಕವರ್ ಮೇಲೆ 3½ ಅಂತ ಬರೆದಿದ್ರು. ಹಿಂದಿನ ಸಿಲಿಂಡರ್ ಹೊಡೀತಿರಲಿಲ್ಲ. ಕಾರ್ಬೊರೇಟರ್ ಎರಡಿದ್ವು, ಒಂದೇ ಸಿಲಿಂಡರ್ ಸತ್ತಿದೆ ಅಂದ್ರೆ ಮೊದಲು ಅದರ ಕಾರ್ಬೊರೇಟರಿನ ಬೌಲ್, ಅಂದ್ರೆ ಪೆಟ್ರೋಲ್ ನಿಲ್ಲೋ ಬಟ್ಟಲು, ಬಿಚ್ಚಬೇಕು, ನನಗೇ ಗೊತ್ತಿತ್ತು. ಆದ್ರೆ ಹುಟ್ಟಿದಾಗಿಂದ ನೋಡದ ಇಂಜಿನ್ ಎದುರಿಗೆ ನಿಂತಾಗ ಮಾವನ ಕೈ ಸುಮ್ನಿರುತ್ತಾ? "ಕಂಪ್ರೆಷನ್ ಇಲ್ಲ" ಅಂತ ನೆಪ ಹೇಳಿ ಸಿಲಿಂಡರ್ ಮೇಲಿನ ಮುಚ್ಚಳ, ಅಂದ್ರೆ ಹೆಡ್ಡಿಗೇ ಕೈ ಹಾಕಿದ್ರು.

ಹೆಡ್ ತೆಗೆದು ಬೆಂಚ್ ಮೇಲೆ ಬೋರಲು ಹಾಕಿದವರು ಹಂಗೇ ನಿಂತುಬಿಟ್ರು. "ಇದೇನಲೇ, ದೋಸೆ ಹಂಚಿದ್ದಂಗೈತೆ!" ಬುಲೆಟ್ ಹೆಡ್ಡಲ್ಲಿ ಬೆಂಕಿ ಹತ್ತೋ ಜಾಗ ಗುಮ್ಮಟದ ಹಂಗೆ ಒಳಕ್ಕೆ ಕೊರೆದಿರುತ್ತೆ. ಇದರಲ್ಲಿ ಗುಮ್ಮಟವೇ ಇಲ್ಲ, ಪೂರಾ ಸಪಾಟು, ಎರಡು ವಾಲ್ವ್ ಪಕ್ಕಪಕ್ಕ ನೆಟ್ಟಗೆ. ಗುಂಡಿ ಇದ್ದಿದ್ದು ಪಿಸ್ಟನ್ ತಲೆಯಲ್ಲಿ. ಪಡ್ಡಿನ ಹಂಚು ನೆನೆಸ್ಕೋ: ಗುಂಡಿ ಕೆಳಗೆ, ಮೇಲೆ ಚಪ್ಪಟೆ ಮುಚ್ಚಳ. ಪಿಸ್ಟನ್ ಮೇಲೆ ಬಂದಾಗ ಸುತ್ತಲ ಅಂಚು ಹೆಡ್ಡಿಗೆ ಹತ್ತಿರ ಹತ್ತಿರ ಆಗಿ, ಅಲ್ಲಿರೋ ಪೆಟ್ರೋಲು-ಗಾಳಿ ಎಲ್ಲಾ ಗುಂಡಿಗೆ ನುಗ್ಗಿ ಕಲಸಿಕೊಂಡು ಚೆನ್ನಾಗಿ ಉರಿಯುತ್ತೆ. ಪೆಟ್ರೋಲು ಕಮ್ಮಿ ಕುಡಿಯುತ್ತೆ. ಹೆರಾನ್ ಹೆಡ್ ಅಂತ ಹೆಸರು, ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಸಣ್ಣ ಕಾರ್ಖಾನೆಗೆ ಇದರಲ್ಲಿ ಇನ್ನೊಂದು ಲಾಭ. ಗುಮ್ಮಟ ಕೊರೆಯೋ ಕಷ್ಟ ಇಲ್ಲ, ಚಪ್ಪಟೆ ಹೊಡೆದ್ರೆ ಮುಗೀತು. ಅದೇ ಲೆಕ್ಕದಲ್ಲಿ ಒಂದು ಸಿಲಿಂಡರಿನ 125, 250, ಎರಡರ 350, 500 ಎಲ್ಲಾ ಮಾಡಿದ್ರು. ಈ ಮೂರೂವರೆ ಇಂಜಿನ್ನಿನ ನಕ್ಷೆ ಬರೆದವರು ಫ್ರಾಂಕೊ ಲ್ಯಾಂಬರ್ಟಿನಿ, ಫೆರಾರಿಯಿಂದ ಬಂದ ಇಂಜಿನಿಯರು. 1971ರಲ್ಲಿ ಮಿಲಾನ್ ಪ್ರದರ್ಶನದಲ್ಲಿ ತೋರಿಸಿ, 1973ರಲ್ಲಿ ಮಾರೋಕೆ ಶುರು ಮಾಡಿದ್ರು. ಎರಡು ಸಿಲಿಂಡರ್ 72 ಡಿಗ್ರಿ ಕೋನದಲ್ಲಿ ಇಂಗ್ಲಿಷ್ 'ವಿ' ಹಂಗೆ, 344 ಸಿಸಿ, ಆರು ಗೇರು, ಸುಮಾರು 35 ಎಚ್‌ಪಿ. ಅದೇ ಹೊತ್ತಿಗೆ ನಮ್ಮ ಬುಲೆಟ್ 346 ಸಿಸಿಗೆ 18 ಎಚ್‌ಪಿ, ನಾಲ್ಕು ಗೇರು. ಬುಲೆಟ್ ಪ್ರೇಮಿಗಳು ಬೈಬೇಡಿ, ನನ್ನ ಹತ್ರನೂ ಐತೆ.

ಮಾವ ಅಲ್ಲಿಗೂ ಬಿಡಲಿಲ್ಲ, ಪಕ್ಕದ ಕವರೂ ಬಿಚ್ಚಿದ್ರು. ವಾಲ್ವ್ ತೆಗೆಯೋ ಕ್ಯಾಮ್ ತಿರುಗಿಸೋಕೆ ಚೈನಿಲ್ಲ, ಹಲ್ಲಿರೋ ರಬ್ಬರ್ ಬೆಲ್ಟು. "ಹಿಟ್ಟಿನ ಗಿರಣಿ ಬೆಲ್ಟು ಇಲ್ಲಿಗ್ಯಾಕೆ ಬಂತು?" ಅಂದು, ಸದ್ಯ, ಅದನ್ನ ಮುಟ್ಟದೆ ಮುಚ್ಚಿದ್ರು.

ಕೊನೆಗೆ ತೊಂದರೆ ಏನು ಗೊತ್ತಾ? ಡೆಲ್ಲೊರ್ಟೊ ಕಾರ್ಬೊರೇಟರ್ ಬೌಲಲ್ಲಿ ಕಾಲು ಚಮಚ ನೀರು. ದಾರಿಲಿ ಹಾಕಿಸಿದ ಪೆಟ್ರೋಲಿಂದು. ಹೆಡ್ ಬಿಚ್ಚಿದ ತಪ್ಪಿಗೆ ಅದರ ಕೆಳಗೆ ಸೋರದಂಗೆ ಇಡೋ ಗ್ಯಾಸ್ಕೆಟ್ ಹರಿದು ಕೂತಿತ್ತು. ದಾವಣಗೆರೇಲಿ ಮೊರಿನಿ ಗ್ಯಾಸ್ಕೆಟ್ ಎಲ್ಲಿ ಹುಡುಕೋದು? ತಾಮ್ರದ ಹಾಳೆ ತಂದು, ಹಳೇದನ್ನ ಇಟ್ಟು ಗೀಚಿ ಕತ್ತರಿಸಿ, ಕೆಂಪಗೆ ಕಾಯಿಸಿ ನೀರಿಗದ್ದಿ ಮೆತ್ತಗೆ ಮಾಡಿ ಕೂರಿಸೋಷ್ಟರಲ್ಲಿ ಎರಡು ದಿನ. ಆಯಮ್ಮ ಎರಡು ದಿನವೂ ಮೂರು ಹೊತ್ತು ಬೆಣ್ಣೆ ದೋಸೆ. ಹೊರಡೋವಾಗ ಕಿಕ್ ಹೊಡೆಯೋಕೆ ನನಗೇ ಕೊಟ್ರು. ಕಿಕ್ ಎಡಗಡೆ, ಜಾವಾ ಓಡಿಸಿದವರಿಗೆ ರೂಢಿನೇ. ಮಾವ ಮಾತ್ರ ದುಡ್ಡು ಮುಟ್ಟಲಿಲ್ಲ. ಯಾಕೆ ಅಂತ ಅವರಿಗೆ ಹೇಳಲೂ ಇಲ್ಲ.

ಕೋಟೆ ಊರಿನವ:
ಅಣ್ಣ, ಸೂಪರ್! 350ರ ಬಗ್ಗೆ ಒಂದು ಮಾತು. ಇಟಲಿಯಲ್ಲಿ ಆಗ 350 ಸಿಸಿ ದಾಟಿದ ಬೈಕಿಗೆ ತೆರಿಗೆ ಜೋರು. ಅದಕ್ಕೇ ಅಲ್ಲಿ ಮೂರೂವರೆಗೆ ಬೇಡಿಕೆ. ಈಗ ನಮ್ಮಲ್ಲೂ ಅದೇ ಗೆರೆ ಬಂದಿದೆ ನೋಡಿ. 2025ರ ಸೆಪ್ಟೆಂಬರಿಂದ 350ರವರೆಗೆ ಜಿಎಸ್‌ಟಿ ಶೇ 18, ದಾಟಿದ್ರೆ ಶೇ 40. ತಮ್ಮ ಕಣ್ಣು ಹಾಕಿರೋ 650 ಗೆರೆಯಿಂದ ಎಷ್ಟು ಆಚೆ ಐತೆ ಅಂತ ಅಪ್ಪಾಜಿಗೆ ಈಗಲೇ ಹೇಳ್ಬೇಡ.

ಕೆಎ17 ಹುಡುಗ:
ಇಬ್ಬರಿಗೂ ಥ್ಯಾಂಕ್ಸ್. ಬೋರಿಂಗ್ ಅಣ್ಣ, ಎಕ್ಸ್-ಕೇಪಲ್ಲಿ ಆ ಪಡ್ಡಿನ ಹಂಚಿನ ಪಿಸ್ಟನ್ ಇದೆಯಾ?

ಬೋರಿಂಗ್ ಶಾಪ್:
ಇಲ್ಲ ತಮ್ಮಾ. ಅದು 649 ಸಿಸಿ, ಎರಡು ಸಿಲಿಂಡರ್ ಪಕ್ಕಪಕ್ಕ, ನೀರಲ್ಲಿ ತಣ್ಣಗಾಗೋದು. ಲ್ಯಾಂಬರ್ಟಿನಿ ಇಂಜಿನ್ನಿಗೂ ಅದಕ್ಕೂ ನೆಂಟಸ್ತನ ಇಲ್ಲ, ಟ್ಯಾಂಕ್ ಮೇಲಿನ ಹೆಸರೊಂದು ಬಿಟ್ರೆ. ಓಡಿಸೋಕೆ ಖುಷಿ ಆದ್ರೆ ತಗೋ, 1937 ಅಂತ ತಗೋಬೇಡ. ದುಡ್ಡು ಕಟ್ಟೋ ಮುಂಚೆ ಬ್ರೇಕ್ ಪ್ಯಾಡು, ಕ್ಲಚ್ ಕೇಬಲ್ ಎಷ್ಟು ದಿನಕ್ಕೆ ತರಿಸಿಕೊಡ್ತೀರಿ ಅಂತ ಬರವಣಿಗೇಲಿ ಕೇಳು.

ಮಾವ ಈಗಿಲ್ಲ, ಅಂಗಡಿ ಜಾಗದಲ್ಲಿ ಮೊಬೈಲ್ ರಿಪೇರಿ ಐತೆ. ಗ್ಯಾಸ್ಕೆಟ್ ಕತ್ತರಿಸಿದಾಗ ನಡುವಿಂದ ಬಿದ್ದ ತಾಮ್ರದ ಬಿಲ್ಲೆ ಮಾತ್ರ ನನ್ನ ಟೂಲ್ ಡಬ್ಬಿಲಿ ಐತೆ. ಆ ಇಂಜಿನ್ ಬೋರು, ಅಂದ್ರೆ ಸಿಲಿಂಡರ್ ಒಳಗಿನ ಅಗಲ, 62 ಮಿಲಿಮೀಟರ್, ಬಿಲ್ಲೆ ಅದಕ್ಕಿಂತ ಒಂದು ಕೂದಲು ಜಾಸ್ತಿ. ಹಬ್ಬಕ್ಕೆ ಊರಿಗೆ ಬಂದಾಗ ಬಾ, ಅಳೆದು ನೋಡೋವಂತೆ.