ಸಹಾಯ ಬೇಕು: ಕಾಲೇಜಿನ ಹಳೆಯ ದಾಖಲೆಗಳಿಗೆ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ಯಾವ ವಿಭಾಗ ಸೇರಲಿ?

ನಮಸ್ಕಾರ. ನಮ್ಮ ಕಾಲೇಜಿನ ಹಳೆಯ ದಾಖಲಾತಿ ಪುಸ್ತಕ, ನಡಾವಳಿ, ಫೋಟೊ, ನೆಗೆಟಿವ್‌ಗಳ ಹೊಣೆ ನನ್ನದು. ಕೆಲವು ನೆಗೆಟಿವ್‌ಗಳು ವಿನೆಗರ್ ವಾಸನೆ ಬೀರುತ್ತಿವೆ. ಅಸಿಟೇಟ್ ಫಿಲ್ಮ್ ಹಾಳಾಗುತ್ತಿರುವ ಲಕ್ಷಣವದು. ಅವನ್ನು ಉಳಿದವುಗಳಿಂದ ಬೇರ್ಪಡಿಸಿ ತಂಪಾದ, ಒಣ ಕೋಣೆಯಲ್ಲಿ ಇರಿಸಿದ್ದೇನೆ, ಆದರೆ ಅಷ್ಟೇ ಸಾಲದು.

1948ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯಲ್ಲಿ (ಹಳೆಯ ದಾಖಲೆಗಳನ್ನು ಕಾಯುವವರ ಜಾಗತಿಕ ಸಂಘಟನೆ) ವಿಶ್ವವಿದ್ಯಾಲಯ, ವ್ಯಾಪಾರ, ಕ್ರೀಡೆ, ಸಾಹಿತ್ಯ-ಕಲೆಯ ದಾಖಲೆಗಳಿಗೆ ಪ್ರತ್ಯೇಕ ವಿಭಾಗಗಳಿವೆ. ಒಂದೇ ಬಗೆಯ ದಾಖಲೆಗಳನ್ನು ಕಾಯುವವರು ಕೂಡಿದಾಗ ಸಿಗುವ ಸಲಹೆಯ ತೂಕವೇ ಬೇರೆ: ಹಳೆಯ ವಿದ್ಯಾರ್ಥಿಯ ಅಂಕಪಟ್ಟಿಯನ್ನು ಯಾರಿಗೆ ತೋರಿಸಬಹುದು ಎಂಬಂಥ ಪ್ರಶ್ನೆ ನಮ್ಮಂಥವರಿಗೆ ನಿತ್ಯದ್ದು, ಬೇರೆಯವರಿಗೆ ಅಪರೂಪ.

ಇಂಥ ವಿಭಾಗದ ಸದಸ್ಯರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಒಬ್ಬರೇ ಸಿಬ್ಬಂದಿಯಿರುವ ಸಣ್ಣ ಸಂಸ್ಥೆಯ ಪ್ರಶ್ನೆಗೂ ಅಲ್ಲಿ ಉತ್ತರ ಸಿಗುತ್ತದೆಯೇ? ಮಂಡಳಿಯ ದಕ್ಷಿಣ ಮತ್ತು ಪಶ್ಚಿಮ ಏಷ್ಯಾದ ಪ್ರಾದೇಶಿಕ ಶಾಖೆಯನ್ನು ಮೊದಲು ಸಂಪರ್ಕಿಸುವುದು ಲೇಸೇ? ನೆಗೆಟಿವ್‌ಗಳ ವಿಷಯದಲ್ಲಿ ತಡಮಾಡುವಂತಿಲ್ಲ.