ನಡುಗಡಲಲ್ಲಿ ನಡೆಯೋ ದೌರ್ಜನ್ಯಕ್ಕೆ ರಿಪೋರ್ಟರ್‌ಗಳು ಸಾಕ್ಷಿ ತರೋದು ಹೇಗೆ?

ಮಲ್ಪೆ_ಹುಡುಗ:
ಎಲ್ರಿಗೂ ನಮಸ್ಕಾರ. ಇಂಡೋನೇಷ್ಯಾದ ಬೆಂಜಿನಾದಲ್ಲಿ ಬರ್ಮಾದ ಹುಡುಗರನ್ನ ವರ್ಷಗಟ್ಲೆ ಮೀನಿನ ಬೋಟಲ್ಲಿ ಗುಲಾಮರ ಹಾಗೆ ದುಡಿಸಿದ್ರು, ಅದನ್ನ 2015ರಲ್ಲಿ ಎಪಿ ಸುದ್ದಿಸಂಸ್ಥೆಯವರು ಹೊರಗೆ ತಂದ್ರು ಅಂತ ಓದಿದೆ. ನಮ್ಮಪ್ಪ ಇಪ್ಪತ್ತೈದು ವರ್ಷ ಬೋಟಿಗೆ ಹೋದವ್ರು, ಅವ್ರಿಗೆ ಹೇಳಿದ್ರೆ ಅರ್ಧ ಗಂಟೆ ಮಾತೇ ಆಡ್ಲಿಲ್ಲ. ನನ್ ಪ್ರಶ್ನೆ ಏನಂದ್ರೆ, ಅಲ್ಲಿ ಪೊಲೀಸ್ ಇಲ್ಲ, ಫೋನ್ ಇಲ್ಲ, ಏನ್ ನಡೆದ್ರೂ ನೋಡಿದವ್ರು ಅದೇ ಬೋಟಲ್ಲಿ ಇರೋರು ಮಾತ್ರ, ಹಾಗಿರುವಾಗ ಪತ್ರಕರ್ತರು ಪ್ರೂಫ್ ಎಲ್ಲಿಂದ ತರ್ತಾರೆ? ಬರೆದ ಮೇಲೆ ಏನಾದ್ರೂ ಬದಲಾಗುತ್ತಾ?

ಡೆಸ್ಕ್_ಕೆಲಸದವಳು:
ನಾನು ಪತ್ರಿಕೆಯ ಡೆಸ್ಕಲ್ಲಿ ಇದೀನಿ, ಈ ವರದಿಯನ್ನ ಹೊಸಬರಿಗೆಲ್ಲ ಓದಿಸ್ತೀನಿ. ರಾಬಿನ್ ಮೆಕ್‌ಡವೆಲ್, ಮಾರ್ಗಿ ಮೇಸನ್, ಮಾರ್ಥಾ ಮೆಂಡೋಜಾ, ಎಸ್ತರ್ ಟೂಸನ್ ಅಂತ ನಾಲ್ಕು ಜನ ಹೆಣ್ಮಕ್ಕಳು ಮಾಡಿದ ಕೆಲಸ ಅದು. ಬೆಂಜಿನಾಕ್ಕೆ ಹೋದಾಗ ಕಂಪನಿ ಕಾಂಪೌಂಡ್ ಒಳಗೇ ಒಂದು ಕಬ್ಬಿಣದ ಪಂಜರ, ಅದ್ರೊಳಗೆ ಮನುಷ್ಯರು. ನಲವತ್ತಕ್ಕೂ ಹೆಚ್ಚು ಜನರನ್ನ ಮಾತಾಡಿಸಿದ್ರು. ದಿನಕ್ಕೆ 20-22 ಗಂಟೆ ಕೆಲಸ, ಸುಸ್ತಾಗಿ ಕೂತ್ರೆ ತೊರಕೆ ಮೀನಿನ ಬಾಲದಲ್ಲಿ ಹೊಡೆತ. ಅಲ್ಲೊಂದು ಸ್ಮಶಾನ, ಅರವತ್ತಕ್ಕೂ ಹೆಚ್ಚು ಗೋರಿ, ಬೋಟಿನವರು ಕೊಟ್ಟ ಸುಳ್ಳು ಥಾಯ್ ಹೆಸರಲ್ಲೇ ಎಷ್ಟೋ ಜನರನ್ನ ಹೂತಿದ್ದಾರೆ.

ಆದ್ರೆ ಹೇಳಿಕೆ ಒಂದೇ ಸಾಲಲ್ಲ, ಈ ಮೀನು ಯಾರ ತಟ್ಟೆಗೆ ಹೋಯ್ತು ಅಂತ ತೋರಿಸ್ಬೇಕಿತ್ತು. ಅದಕ್ಕೆ ಆ ಮೀನು ತುಂಬಿಸಿಕೊಂಡ ಸಿಲ್ವರ್ ಸೀ ಲೈನ್ ಅನ್ನೋ ಹಡಗನ್ನ ಸ್ಯಾಟಲೈಟ್ ಸಿಗ್ನಲಲ್ಲಿ ಹದಿನೈದು ದಿನ ಹಿಂಬಾಲಿಸಿದ್ರು. ಅದು ಥಾಯ್ಲೆಂಡಿನ ಸಮುತ್ ಸಾಖೋನ್ ಬಂದರಿಗೆ ಬಂತು. ಅಲ್ಲಿ ನಾಲ್ಕು ರಾತ್ರಿ ಗಾಡಿಯೊಳಗೆ ಅಡಗಿ ಕೂತು, ಮೀನು ತುಂಬಿದ ಲಾರಿ ಯಾವ್ಯಾವ ಫ್ಯಾಕ್ಟರಿಗೆ ಹೋಗುತ್ತೆ ಅಂತ ಹಿಂದೆ ಹಿಂದೆ ಹೋಗಿ ಬರ್ಕೊಂಡು, ಆಮೇಲೆ ಅಮೆರಿಕದ ಕಸ್ಟಮ್ಸ್ ದಾಖಲೆ ಜೊತೆ ತಾಳೆ ಹಾಕಿದ್ರು. ಕಡಲಲ್ಲಿ ಆದದ್ದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ದಡದಲ್ಲಿ.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಇನ್ನೊಂದು. ವರದಿ ರೆಡಿ ಇದ್ರೂ ತಡೆಹಿಡಿದ್ರು. ಫೋಟೋ, ವಿಡಿಯೋದಲ್ಲಿ ಕಾಣೋ ಹುಡುಗರನ್ನ ಸೇಫಾಗಿ ಆಚೆ ಕರ್ಕೊಂಡು ಬಂದ ಮೇಲೇ ಮಾರ್ಚಲ್ಲಿ ಪ್ರಿಂಟ್ ಮಾಡಿದ್ದು. ಬ್ರೇಕಿಂಗ್ ನ್ಯೂಸ್ ಓಟದಲ್ಲಿ ಈ ತಾಳ್ಮೆ ಎಷ್ಟು ಜನಕ್ಕಿದೆ ಹೇಳಿ.

ಹಡಗಿನವ_ಕುಂದಾಪುರ:
ನಾನು ಕಾರ್ಗೋ ಹಡಗಲ್ಲಿ ಆಫೀಸರ್, ಹನ್ನೊಂದು ವರ್ಷ ಆಯ್ತು. ಮಾರಾಯ, ದಡದಿಂದ 12 ನಾಟಿಕಲ್ ಮೈಲಿ ತನಕ ಆ ದೇಶದ ನೀರು, 200ರ ತನಕ ಮೀನಿನ ಮೇಲೆ ಅವ್ರ ಹಕ್ಕು, ಅದ್ರಾಚೆಗೆ ಹಡಗಿನ ಮೇಲೆ ಯಾವ ದೇಶದ ಬಾವುಟ ಇದ್ಯೋ ಆ ದೇಶದ್ದೇ ಕಾನೂನು. ಬಾವುಟ ಪನಾಮದ್ದು, ಓನರ್ ಇನ್ನೆಲ್ಲೋ, ಕೆಲಸದವ್ರು ಇನ್ನೆಲ್ಲಿಂದಲೋ, ಕೇಳೋರು ಯಾರು?

ಎಐಎಸ್ ಅಂತ ಒಂದು ಮಷೀನ್ ಇರುತ್ತೆ, ಹಡಗಿನ ಹೆಸರು, ಜಾಗ, ಸ್ಪೀಡ್ ಎಲ್ಲ ಹೇಳ್ತಾ ಇರುತ್ತೆ, ಬೇಡ ಅಂದ್ರೆ ಆಫ್ ಮಾಡ್ಬಹುದು. ರಾತ್ರಿ ಕಾವಲು ಡ್ಯೂಟೀಲಿ ಎಷ್ಟೋ ಸಲ ನೋಡಿದೀನಿ, ರೇಡಾರಲ್ಲಿ ಚುಕ್ಕೆ ಕಾಣುತ್ತೆ, ಎಐಎಸಲ್ಲಿ ಏನೂ ಇಲ್ಲ, ರೇಡಿಯೋದಲ್ಲಿ ಕರೆದ್ರೆ ಉತ್ತರ ಇಲ್ಲ. ಹಾಗೆ ಕತ್ತಲಾದ ಹಡಗನ್ನೂ ಹಿಡಿದಿದ್ದಾರೆ. ಅದೇ ಎಪಿಯವ್ರು ಜುಲೈ 2015ರಲ್ಲಿ ಸ್ಯಾಟಲೈಟ್ ಕಂಪನಿಯೊಂದಕ್ಕೆ ಹೇಳಿ ಪಪುವಾ ನ್ಯೂಗಿನಿ ಹತ್ರ ಮೇಲಿಂದ ಫೋಟೋ ತೆಗೆಸಿದ್ರು. ಸಿಲ್ವರ್ ಸೀ 2 ಅನ್ನೋ ಹಡಗಿನ ಎರಡೂ ಪಕ್ಕಕ್ಕೆ ಎರಡು ಟ್ರಾಲರ್ ಅಂಟಿ ನಿಂತಿವೆ, ಮೀನು ತುಂಬಿಸೋ ಹೊತ್ತಲ್ಲೇ ಸಿಕ್ಕಿಬಿದ್ದಿದೆ. ಮುಂದಿನ ತಿಂಗಳು ಇಂಡೋನೇಷ್ಯಾ ನೇವಿ ಅದನ್ನ ಹಿಡೀತು.

ಬಂದರ್_ರೋಡ್:
ಎಲ್ಲ ಸರಿ, ಆದ್ರೆ ಒಂದಿಷ್ಟು ದಿನ ಗಲಾಟೆ ಆಗಿ ತಣ್ಣಗಾಗಿರ್ಬೇಕು, ಅಲ್ವಾ?

ಡೆಸ್ಕ್_ಕೆಲಸದವಳು:
ಇಲ್ಲ ಸರ್. ಎರಡು ಸಾವಿರಕ್ಕಿಂತ ಹೆಚ್ಚು ಜನ ಬಿಡುಗಡೆ ಆದ್ರು, ಅದ್ರಲ್ಲೊಬ್ರು ಮನೆಗೆ ಹೋಗಿದ್ದು 22 ವರ್ಷದ ಮೇಲೆ. ಅಮೆರಿಕದ 1930ರ ಸುಂಕದ ಕಾನೂನಲ್ಲಿ, ದೇಶಕ್ಕೆ ಬೇಕಾದಷ್ಟು ಮಾಲು ಒಳಗೆ ಸಿಗದಿದ್ರೆ ಬಲವಂತದ ದುಡಿಮೆಯ ಮಾಲನ್ನೂ ತರಿಸ್ಬಹುದು ಅಂತ ಒಂದು ಸಂದು ಇತ್ತು, 2016ರಲ್ಲಿ ಅದನ್ನ ಮುಚ್ಚಿದ್ರು. ಹಾಗಂತ ಎಲ್ಲ ಮುಗೀತು ಅಂತ ನಾನೂ ಹೇಳಲ್ಲ. ಕಡಿಮೆ ರೇಟಿಗೆ ಮೀನು ಬೇಕು, ಹತ್ರದಲ್ಲಿ ಮೀನಿಲ್ಲ, ದೂರ ಹೋದ್ರೆ ಡೀಸೆಲ್ ಖರ್ಚು, ಕೊನೆಗೆ ಎಲ್ಲ ಸೇರಿ ಕತ್ತರಿ ಬೀಳೋದು ಕೂಲಿಯವನ ಮೇಲೆ.

ಮಲ್ಪೆ_ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ನಿಜ ಹೇಳ್ಬೇಕಂದ್ರೆ ನಾನು ಕೇಳಿದ್ದಕ್ಕೆ ಕಾರಣ ಇದೆ, ನನ್ನ ಅತ್ತೆ ಮಗನಿಗೆ ಒಬ್ಬ ಏಜೆಂಟ್ ಫಾರಿನ್ ಫಿಶಿಂಗ್ ಬೋಟಲ್ಲಿ ಕೆಲಸ ಕೊಡಿಸ್ತೀನಿ ಅಂದಿದ್ದಾನೆ, ದುಡ್ಡೂ ಕೇಳ್ತಿದ್ದಾನೆ. ಅಪ್ಪ ಆ ಗೋರಿಗಳ ಸುಳ್ಳು ಹೆಸರು ಕೇಳಿದಾಗಿಂದ ಬೇಡವೇ ಬೇಡ ಅಂತಿದ್ದಾರೆ, ಇವನು ಕೇಳ್ತಾ ಇಲ್ಲ.

ಹಡಗಿನವ_ಕುಂದಾಪುರ:
ದುಡ್ಡು ಕೇಳಿದ ಅಂದ್ರೆ ಅಲ್ಲೇ ನಿಲ್ಸು. ಲೈಸೆನ್ಸ್ ಇರೋ ಏಜೆಂಟರ ಪಟ್ಟಿ ಡಿಜಿ ಶಿಪ್ಪಿಂಗ್ ಅಂತ ಹಡಗುಗಳನ್ನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಇಲಾಖೆಯ ವೆಬ್‌ಸೈಟಲ್ಲಿದೆ, ಇವನ ಹೆಸರು ಇದ್ಯಾ ನೋಡು. ಬೋಟಿನ ಐಎಂಒ ನಂಬರ್, ಅಂದ್ರೆ ಅದರ ಗುರುತಿನ ನಂಬರ್ ಕೇಳು, ಹೆಸರು ಬಾವುಟ ಎಷ್ಟು ಸಲ ಬದಲಾದ್ರೂ ಆ ನಂಬರ್ ಬದಲಾಗಲ್ಲ, ಅದ್ರಿಂದ ಹಳೇ ಜಾತಕ ಸಿಗುತ್ತೆ. ನಂಬರ್ ಕೊಡದಿದ್ರೆ ಪಾಸ್‌ಪೋರ್ಟ್ ಅವನ ಕೈಗೆ ಕೊಡೋದೇ ಬೇಡ. ಹುಡುಗನ ಹತ್ರ ಬೇಕಾದ್ರೆ ನಾನೇ ಮಾತಾಡ್ತೀನಿ, ಮುಂದಿನ ತಿಂಗಳು ತನಕ ಊರಲ್ಲೇ ಇದೀನಿ, ಮೆಸೇಜ್ ಹಾಕು.