ರಕ್ತ ನಿಲ್ಲಿಸೋ ಇಂಜೆಕ್ಷನ್ ಕೊಟ್ಟು, ಆಮೇಲೆ ರಕ್ತ ತೆಳು ಮಾಡೋ ಮಾತ್ರೆ ಯಾಕೆ?

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಸರ್. ಅಮ್ಮನಿಗೆ 66 ವರ್ಷ. ಹೋದ ವಾರ ಹಾಸನದಲ್ಲಿ ಬಲಗಾಲಿನ ಮಂಡಿ ಕೀಲು ಬದಲಾಯಿಸಿದರು. ರಕ್ತ ಹೆಚ್ಚು ಹೋಗದಿರಲಿ ಅಂತ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟಿದ್ದು ಡಿಸ್ಚಾರ್ಜ್ ಚೀಟಿಯಲ್ಲಿದೆ. ಮನೆಗೆ ಬರುವಾಗ ಅಪಿಕ್ಸಾಬಾನ್ ಮಾತ್ರೆ ಬರೆದಿದ್ದಾರೆ. ಈಗ ತೊಡೆಯಿಂದ ಹಿಮ್ಮಡಿವರೆಗೆ ಕಾಲು ಕಪ್ಪುನೀಲಿ. ಮಾತ್ರೆ ನಿಲ್ಲಿಸು ಅಂತ ದೊಡ್ಡಮ್ಮ ಪಟ್ಟು ಹಿಡಿದಿದ್ದಾರೆ. ನಿಲ್ಲಿಸಲಾ?

ಉತ್ತರ (ಮೂಳೆ ವೈದ್ಯರು): ದಯವಿಟ್ಟು ನೀವಾಗೇ ನಿಲ್ಲಿಸಬೇಡಿ ಅಮ್ಮಾ.

ಟ್ರಾನೆಕ್ಸಾಮಿಕ್ ಹೊಸದಾಗಿ ರಕ್ತ ಹೆಪ್ಪುಗಟ್ಟಿಸಲ್ಲ. ಮೂಳೆ ಕೊಯ್ದ ಜಾಗದಲ್ಲಿ ದೇಹ ತಾನೇ ಹೆಪ್ಪು ಕಟ್ಟುತ್ತೆ, ಪ್ಲಾಸ್ಮಿನ್ ಅನ್ನೋ ಕಿಣ್ವ ಅದನ್ನು ಕರಗಿಸ್ತಾ ಬರುತ್ತೆ. ಆಪರೇಷನ್ ಆದ ಮೊದಲ ಕೆಲವು ಗಂಟೆ ಈ ಕರಗಿಸೋ ಕೆಲಸ ಜೋರು. ಅದನ್ನು ತಡೆಯೋದಷ್ಟೇ ಇದರ ಕೆಲಸ. ಜಪಾನಿನ ಒಕಾಮೋಟೋ ದಂಪತಿ 1962ರಲ್ಲಿ ಕಂಡುಹಿಡಿದ ಔಷಧಿ ಇದು. ಮಂಡಿ ಆಪರೇಷನ್‌ಗೆ ರಕ್ತ ಹಾಕಿಸಲೇಬೇಕಾದ ಸಂದರ್ಭ ಇದರಿಂದ ಬಹಳ ಕಡಿಮೆಯಾಗಿದೆ. ಮೂತ್ರಪಿಂಡ ಸರಿಯಿದ್ದರೆ ಒಂದು ದಿನದೊಳಗೆ ಬಹುಪಾಲು ಮೂತ್ರದಲ್ಲೇ ಹೋಗಿಬಿಡುತ್ತೆ.

ಅಪಿಕ್ಸಾಬಾನ್ ತಡೆಯೋದು ಬೇರೆ ಅಪಾಯವನ್ನ. ಓಡಾಟ ಕಡಿಮೆಯಾದಾಗ ಮೀನಖಂಡದ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಮಂಡಿಗೆ ಸಾಮಾನ್ಯವಾಗಿ 12 ದಿನ, ಸೊಂಟದ ಕೀಲಿಗೆ ಸುಮಾರು 35 ದಿನ ಕೊಡ್ತೀವಿ.

ನೀಲಿ ಬಣ್ಣ ಚರ್ಮದಡಿ ಸೋರಿದ ರಕ್ತ, ಕೆಳಕ್ಕೆ ಇಳೀತಾ ಹೋಗುತ್ತೆ. ಹಸಿರು, ಹಳದಿಗೆ ತಿರುಗಿ ಎರಡು ಮೂರು ವಾರಕ್ಕೆ ಮಾಸುತ್ತೆ. ಆದರೆ ಬ್ಯಾಂಡೇಜ್ ಪದೇಪದೇ ರಕ್ತದಲ್ಲಿ ನೆನೆದರೆ, ಮಲ ಟಾರಿನಂತೆ ಕಪ್ಪಾದರೆ, ಮೀನಖಂಡ ಊದಿ ಗಟ್ಟಿಯಾಗಿ ನೋವು ಬಂದರೆ ಅದೇ ದಿನ ತೋರಿಸಿ. ಏದುಸಿರು, ಎದೆನೋವು ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಇನ್ನೊಂದು ಮಾತು, ಮೆಡಿಕಲ್ ಶಾಪಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಂದು ಕೊಡಬೇಡಿ. ಅಪಿಕ್ಸಾಬಾನ್ ಜೊತೆ ಅವನ್ನು ಕೊಟ್ಟರೆ ರಕ್ತಸ್ರಾವ ಹೆಚ್ಚುತ್ತೆ.

ಪ್ರಶ್ನೆ (ಮೂಡಿಗೆರೆ): ಸಮಾಧಾನ ಆಯ್ತು ಸರ್. ಹಿಮೋಗ್ಲೋಬಿನ್ 9.6 ಇದೆ, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಬೆಳಗಿನ ಕಾಫಿ ಜೊತೆ ನುಂಗ್ತಾರೆ.

ಉತ್ತರ: ತೋಟದ ಮನೆಗಳಲ್ಲೆಲ್ಲ ಇದೇ ಕಥೆ! ಕಾಫಿ, ಟೀ ಕಬ್ಬಿಣವನ್ನ ಮೈಗೆ ಹತ್ತೋಕೆ ಬಿಡಲ್ಲ. ಕಾಫಿಗೂ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ, ನಿಂಬೆ ಶರಬತ್ತಿನ ಜೊತೆ ಕೊಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತೆ. ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಮಾತ್ರ ಸುಮ್ಮನಿರಬೇಡಿ.

ಪ್ರಶ್ನೆ (ಕಡೂರು): ಅಪ್ಪನಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇದೆ, ಮುಂದಿನ ತಿಂಗಳು ಮಂಡಿ ಆಪರೇಷನ್. ಅವರಿಗೂ ಟ್ರಾನೆಕ್ಸಾಮಿಕ್ ಕೊಡಬಹುದಾ?

ಉತ್ತರ: ಇಲ್ಲಿ ಕೂತು ಹೌದು ಅನ್ನಲಾರೆ. ಸ್ಟೆಂಟ್ ಯಾವಾಗ ಹಾಕಿದ್ದು, ಹಿಂದೆ ಹೆಪ್ಪುಗಟ್ಟಿದ್ದು, ಫಿಟ್ಸ್, ಕಿಡ್ನಿ ತೊಂದರೆ ಏನಿದ್ದರೂ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಸ್ಟೆಂಟ್ ಮಾತ್ರೆಯನ್ನು ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ.